ಹೊಟ್ಟೆ ತುಂಬಬೇಕು, ಹೊಟ್ಟೆ ಬರಬಾರದು

(ಸಂಘದ ವಾರ್ಷಿಕೋತ್ಸವದ ಸಂಜೆ ಸಮಾಜ ಮಂದಿರದಲ್ಲಿ ಆಡಿದ ಮಾತುಗಳ ಬರಹರೂಪ)



ಸಂಘದ ಹುಡುಗರು ಮನೆಗೆ ಬಂದು, "ಈ ಸಲ ಆರೋಗ್ಯದ ಮ್ಯಾಲೆ ಏನರೆ ನಾಲ್ಕು ಮಾತು ಹೇಳ್ರಿ" ಅಂದರು. ನಾನು ಡಾಕ್ಟರ್ ಅಲ್ಲ. ಆರೋಗ್ಯ ಖಾತೆಯಲ್ಲಿ ಕಾರ್ಯಕರ್ತನಾಗಿ ಅಕ್ಕಲಕೋಟ ತಾಲೂಕಿನ ಹಳ್ಳಿ ಹಳ್ಳಿ ಸೈಕಲ್ ಮೇಲೆ ತಿರುಗಿ ನಿವೃತ್ತನಾದವನು. ಆದರೂ ಒಪ್ಪಿಕೊಂಡೆ. ಒಂದು ಷರತ್ತು ಹಾಕಿದೆ: ಕಾರ್ಯಕ್ರಮಕ್ಕೆ ಹಾರ ತುರಾಯಿ ತರಬೇಡ್ರಿ, ಒಂದು ದರ್ಜಿ ಟೇಪು ತರ್‍ರಿ. ಟೇಪು ಬಂತು. ಅದನ್ನು ಕೈಯಲ್ಲಿ ಹಿಡಿದು ವೇದಿಕೆ ಹತ್ತಿದ ಕೂಡಲೇ ಮುಂದಿನ ಸಾಲಿನಲ್ಲಿ ಕುಳಿತ ನಾಲ್ಕಾರು ಮಂದಿ ಉಸಿರು ಒಳಗೆ ಎಳೆದುಕೊಂಡು ನೆಟ್ಟಗೆ ಕುಳಿತರು. ಎಲ್ಲರೂ ನಕ್ಕರು. ನಾನೂ ನಕ್ಕೆ. ಯಾಕಂದರೆ ಮೊದಲು ಉಸಿರು ಎಳೆದುಕೊಂಡವನು ನಾನೇ.

ಇವತ್ತಿನ ವಿಷಯ ಹೊಟ್ಟೆ. ಹಸಿದ ಹೊಟ್ಟೆಯ ಬಗ್ಗೆ ನಮ್ಮಲ್ಲಿ ಬಹಳ ಮಾತಾಡಿದ್ದೇವೆ, ಮಾತಾಡಲೇಬೇಕು. ಮುಂದೆ ಬಂದ ಹೊಟ್ಟೆಯ ಬಗ್ಗೆ ಯಾರೂ ಮಾತಾಡುವುದಿಲ್ಲ. ಮರಾಠಿಯಲ್ಲಿ "ಪೋಟ್ ಸುಟಲಂ" ಅಂತಾರೆ, ನಾವು "ಹೊಟ್ಟಿ ಬಂದೈತಿ" ಅಂತೀವಿ. ಎರಡರಲ್ಲೂ ಬೈಗಳಿಲ್ಲ, ಸ್ವಲ್ಪ ಮೆಚ್ಚುಗೆಯೇ ಇದೆ. ಮಗಳನ್ನು ನೋಡಲು ಬಂದ ಬೀಗರಿಗೆ ಹೊಟ್ಟೆ ಇದ್ದರೆ "ಮನಿ ಛಲೋ ನಡದೈತಿ" ಅಂತ ನಮ್ಮ ಹಿರಿಯರು ತಿಳಿಯುತ್ತಿದ್ದರು.

ಅದಕ್ಕೆ ಕಾರಣ ಇದೆ. ನಮ್ಮ ಅಪ್ಪ, ಅಜ್ಜಂದಿರಿಗೆ ಹೊಟ್ಟೆ ಬರುವಷ್ಟು ಅನ್ನ ಎಂದೂ ಇರಲಿಲ್ಲ. ಇಲ್ಲಿ ಕುಳಿತ ಹಿರಿಯರಿಗೆ 1972ರ ಬರ ನೆನಪಿದೆ. ರೋಜಗಾರದ ಕೆಲಸಕ್ಕೆ ಹೋಗಿ ಖಡಿ ಒಡೆದದ್ದು, ಅಲ್ಲಿ ಕೊಟ್ಟ ಸುಕಡಿ ಮಡಿಲಲ್ಲಿ ಕಟ್ಟಿಕೊಂಡು ಬಂದು ಮಕ್ಕಳಿಗೆ ಹಂಚಿದ್ದು, ಅಮೆರಿಕದಿಂದ ಬಂದ ಕೆಂಪು ಮಿಲೋ ಜೋಳದ ರೊಟ್ಟಿ ತಿಂದದ್ದು. ಆ ದಿನ ಕಂಡವರಿಗೆ ತುಂಬಿದ ಮೈ ಅಂದರೆ ಗೆದ್ದ ಹಾಗೆ. ಬೆನ್ನಿಗೆ ಹತ್ತಿದ ಹೊಟ್ಟೆ ನೋಡಿದ ಕಣ್ಣಿಗೆ ಮುಂದೆ ಬಂದ ಹೊಟ್ಟೆ ಚೆಂದವೇ ಕಾಣುತ್ತದೆ.

ನಮ್ಮ ಮನೆಯಲ್ಲೂ ಹಾಗೇ ಆಯಿತು. ನನ್ನ ಅಣ್ಣ ಲಾರಿ ಚಾಲಕ. ನಮ್ಮ ಮನೆತನದಲ್ಲಿ ಮೊದಲು ಪಕ್ಕಾ ಮನೆ ಕಟ್ಟಿದವನು ಅವನೇ, ನನ್ನನ್ನು ಓದಿಸಿದವನೂ ಅವನೇ. ಕೈಕಾಲು ಸಣ್ಣ, ಹೊಟ್ಟೆ ಮಾತ್ರ ದೊಡ್ಡದು. ನಮ್ಮ ಅವ್ವ ಆ ಹೊಟ್ಟೆಯ ಮೇಲೆ ಕೈ ಆಡಿಸಿ "ನನ್ನ ಮಗ ದುಡಿದು ತಿಂದಾನ" ಅಂತ ಹೇಳುತ್ತಿದ್ದಳು. ಅವನಿಗೆ 44 ವರ್ಷ ಇದ್ದಾಗ ಒಂದು ಮುಂಜಾನೆ ಎದೆ ಬಿಗಿದು ಬಂತು, ಮೈ ಬೆವೆತಿತು. "ಪಿತ್ತ ಆಗೇತಿ" ಅಂತ ಸೋಡಾ ಕುಡಿದ, ಮಲಗಿದ. ಎರಡು ತಾಸು ಹಾಗೇ ಹೋಯಿತು. ಗಾಡಿ ಮಾಡಿಕೊಂಡು ಸೋಲಾಪುರದ ದಾರಿ ಹಿಡಿದೆವು. ದವಾಖಾನೆ ಮುಟ್ಟುವ ಮೊದಲೇ ಮುಗಿದಿತ್ತು. ಊರ ತುಂಬ ಜನರ ಬಿ.ಪಿ. ನೋಡುತ್ತಿದ್ದ ನಾನು ನನ್ನ ಸ್ವಂತ ಅಣ್ಣನ ಬಿ.ಪಿ. ಒಂದು ಸಲವೂ ನೋಡಿರಲಿಲ್ಲ. ಅವನ ರಕ್ತದಲ್ಲಿ ಸಕ್ಕರೆ ಎಷ್ಟಿತ್ತೋ ಯಾರಿಗೂ ತಿಳಿಯಲಿಲ್ಲ. ಎಲ್ಲರಿಗೂ ಕಾಣುತ್ತಿದ್ದದ್ದು ಹೊಟ್ಟೆ ಒಂದೇ. ಅದನ್ನು ನಾವು ಆರೋಗ್ಯ ಅಂದುಕೊಂಡೆವು.

ಅದಕ್ಕೇ ಈ ಟೇಪು.

ಈಗ ಸ್ವಲ್ಪ ಒಳಗಿನ ಸಂಗತಿ ತಿಳಿದುಕೊಳ್ಳೋಣ. ಹೊಟ್ಟೆಯಲ್ಲಿ ಬೊಜ್ಜು ಎರಡು ಜಾಗದಲ್ಲಿ ಕೂಡುತ್ತದೆ. ಒಂದು ಚರ್ಮದ ಕೆಳಗೆ. ಬೆರಳಿನಿಂದ ಚಿವುಟಿದರೆ ಕೈಗೆ ಸಿಗುತ್ತದಲ್ಲ, ಅದು. ಇನ್ನೊಂದು ಒಳಗೆ, ಕರುಳು ಮತ್ತು ಲಿವರಿನ ಸುತ್ತಮುತ್ತ. ಅದು ಕೈಗೆ ಸಿಗುವುದಿಲ್ಲ, ಹೊಟ್ಟೆಯನ್ನು ಒಳಗಿನಿಂದ ಮುಂದಕ್ಕೆ ನೂಕುತ್ತದೆ. ಗಟ್ಟಿಯಾಗಿ ಮಡಕೆಯ ಹಾಗೆ ನಿಂತ ಹೊಟ್ಟೆಯಲ್ಲಿ ಈ ಒಳಬೊಜ್ಜು ಹೆಚ್ಚು. ಹೆಚ್ಚು ಅಪಾಯ ಇದರಿಂದಲೇ.

ಯಾಕೆ? ಈ ಬೊಜ್ಜು ಮೂಲೆಯಲ್ಲಿಟ್ಟ ಚೀಲದ ಹಾಗೆ ಸುಮ್ಮನೆ ಬಿದ್ದಿರುವುದಿಲ್ಲ. ಅದರಿಂದ ಕೊಬ್ಬು ಕರಗಿ ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಕರುಳಿನಿಂದ ಹೊರಟ ರಕ್ತ ಮೊದಲು ಹೋಗುವುದು ಲಿವರಿಗೆ. ಹಾಗಾಗಿ ಆ ಕೊಬ್ಬಿನ ಮೊದಲ ಏಟು ಲಿವರಿಗೆ ಬೀಳುತ್ತದೆ. ಲಿವರಿನಲ್ಲೂ ಕೊಬ್ಬು ಕೂಡುತ್ತದೆ. ಸೋನೋಗ್ರಫಿ ಮಾಡಿಸಿದವರ ರಿಪೋರ್ಟಿನಲ್ಲಿ "ಫ್ಯಾಟಿ ಲಿವರ್" ಅಂತ ಬರೆದಿರುತ್ತದಲ್ಲ, ಅದು ಇದೇ. ಮುಂದಿನ ಏಟು ಇನ್ಸುಲಿನ್ನಿಗೆ. ನಾವು ಉಂಡ ಅನ್ನ, ರೊಟ್ಟಿ ಸಕ್ಕರೆಯಾಗಿ ರಕ್ತಕ್ಕೆ ಬರುತ್ತದೆ. ಆ ಸಕ್ಕರೆ ಸ್ನಾಯುಗಳ ಒಳಗೆ ಹೋಗಬೇಕಾದರೆ ಇನ್ಸುಲಿನ್ ಬಂದು ಬಾಗಿಲು ತೆಗೆಸಬೇಕು. ಒಳಬೊಜ್ಜು ಹೆಚ್ಚಿದ ಮೈಯಲ್ಲಿ ಇನ್ಸುಲಿನ್ ಎಷ್ಟು ಬಡಿದರೂ ಬಾಗಿಲು ಸರಿಯಾಗಿ ತೆರೆಯುವುದಿಲ್ಲ. ಮೈ ಇನ್ನಷ್ಟು ಇನ್ಸುಲಿನ್ ಕಳಿಸುತ್ತದೆ. ಕೆಲ ವರ್ಷ ಹೀಗೇ ಸಾಗಿ ಕೊನೆಗೆ ಇನ್ಸುಲಿನ್ ತಯಾರಿಸುವ ಗ್ರಂಥಿ ಸೋಲುತ್ತದೆ. ಅದೇ ಸಕ್ಕರೆ ಕಾಯಿಲೆ. ಇದರ ಜೊತೆಗೆ ಬಿ.ಪಿ. ಏರುತ್ತದೆ, ರಕ್ತನಾಳಗಳ ಒಳಗೋಡೆಗೆ ಕೊಬ್ಬು ಮೆತ್ತುತ್ತದೆ. ಹೃದಯಾಘಾತ, ಪಾರ್ಶ್ವವಾಯು, ಕಿಡ್ನಿ ಕೆಡುವುದು, ಕಣ್ಣು ಮಂಜಾಗುವುದು, ಕಾಲಿನ ಗಾಯ ಮಾಯದಿರುವುದು ಎಲ್ಲ ಇದೇ ದಾರಿಯಲ್ಲಿ ಬರುತ್ತವೆ. ಹೊಟ್ಟೆ ಬೊಜ್ಜಿದ್ದವರು ಜೋರಾಗಿ ಗೊರಕೆ ಹೊಡೆಯುತ್ತ ನಡುವೆ ಉಸಿರು ನಿಂತು ಬೆಚ್ಚಿ ಏಳುವುದೂ ಉಂಟು. ಅದನ್ನೂ ನಗೆಯಾಗಿ ತಗೋಬೇಡ್ರಿ, ಡಾಕ್ಟರಿಗೆ ಹೇಳ್ರಿ.

"ಇದು ಸಾಹುಕಾರರ ರೋಗ, ನಮಗ್ಯಾಕ ಬರತದ?" ಅಂತ ಒಬ್ಬ ಹಿರಿಯರು ಕೇಳಿದರು. ಆ ಮಾತು ಈಗ ಹಳೆಯದಾಯಿತು. ಐಸಿಎಂಆರ್ ದೇಶದ ಎಲ್ಲ ರಾಜ್ಯಗಳಲ್ಲಿ ನಡೆಸಿದ ದೊಡ್ಡ ಸಮೀಕ್ಷೆ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಸಕ್ಕರೆ ಕಾಯಿಲೆ ಇದ್ದವರು 10 ಕೋಟಿಗೂ ಹೆಚ್ಚು. ಅದರ ಹೊಸ್ತಿಲಿನಲ್ಲಿ ನಿಂತವರು 13 ಕೋಟಿಗೂ ಹೆಚ್ಚು. ದೊಡ್ಡವರಲ್ಲಿ ನೂರಕ್ಕೆ ಸುಮಾರು 40 ಮಂದಿಗೆ ಹೊಟ್ಟೆ ಬೊಜ್ಜು. ಅಷ್ಟು ಮಂದಿ ಸಾಹುಕಾರರು ಈ ದೇಶದಲ್ಲಿ ಎಲ್ಲಿದ್ದಾರೆ?

ಇನ್ನೂ ಒಂದು ಸಂಗತಿ ಇದೆ, ಇದನ್ನು ಗಮನವಿಟ್ಟು ಓದಬೇಕು. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಚಿತ್ತರಂಜನ ಯಾಜ್ಞಿಕ್ ಅವರು ಪುಣೆ ಸುತ್ತಲಿನ ಹಳ್ಳಿಗಳಲ್ಲಿ ಗರ್ಭಿಣಿಯರನ್ನೂ ಅವರ ಮಕ್ಕಳನ್ನೂ ಹಲವು ವರ್ಷ ಅಭ್ಯಾಸ ಮಾಡಿದರು. ಅಲ್ಲಿನ ಕೂಸುಗಳು ಹುಟ್ಟಿದಾಗ ಸರಾಸರಿ 2.7 ಕಿಲೋ. ಇಂಗ್ಲೆಂಡಿನ ಕೂಸುಗಳು ಸುಮಾರು 3.5 ಕಿಲೋ. ನಮ್ಮ ಕೂಸು ಸಣ್ಣದು, ಸ್ನಾಯು ಕಡಿಮೆ, ಆದರೆ ಕೊಬ್ಬು ಮಾತ್ರ ಅಷ್ಟಾಗಿ ಕಡಿಮೆ ಇಲ್ಲ. ತೆಳ್ಳಗೆ ಕಂಡರೂ ಒಳಗೆ ಕೊಬ್ಬು. ತಾಯಿಗೆ ಸರಿಯಾದ ಆಹಾರ ಸಿಗದಿದ್ದಾಗ ಹೊಟ್ಟೆಯೊಳಗಿನ ಕೂಸು ಬರಗಾಲಕ್ಕೆ ತಯಾರಾಗಿ ಬರುತ್ತದೆ ಅಂತ ವಿಜ್ಞಾನಿಗಳು ವಿವರಿಸುತ್ತಾರೆ. ಮುಂದೆ ಅದೇ ಕೂಸು ಬೆಳೆದು ಎಣ್ಣೆ, ಸಕ್ಕರೆ, ಕುರ್ಚಿಯ ಕೆಲಸ ಕಂಡಾಗ ಕಾಯಿಲೆ ಬೇಗ ಹಿಡಿಯುತ್ತದೆ.

ಅದೇ ಡಾಕ್ಟರರು 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ತಮ್ಮ ಫೋಟೋವನ್ನೂ ಲಂಡನ್ನಿನ ಗೆಳೆಯ ಡಾ. ಜಾನ್ ಯುಡ್ಕಿನ್ ಅವರ ಫೋಟೋವನ್ನೂ ಪಕ್ಕಪಕ್ಕ ಹಾಕಿದರು. ಎತ್ತರಕ್ಕೆ ತಕ್ಕ ತೂಕದ ಲೆಕ್ಕ, ಬಿಎಂಐ ಅಂತಾರಲ್ಲ, ಅದು ಇಬ್ಬರದೂ 22.3. ಆದರೆ ಮೈಯಲ್ಲಿನ ಕೊಬ್ಬು ಯುಡ್ಕಿನ್ ಅವರಲ್ಲಿ ನೂರಕ್ಕೆ 9.1, ಯಾಜ್ಞಿಕ್ ಅವರಲ್ಲಿ 21.2. ತೂಕದ ಕಾಟಾ ಒಂದನ್ನೇ ನಂಬಬೇಡಿ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ.

ಇದು ಒಟ್ಟು ಭಾರತೀಯರ ಮಾತು. ಆದರೆ ನಮ್ಮ ಓಣಿಯ ತಾಯಂದಿರನ್ನು ನೆನೆದು ಈ ಮಾತನ್ನು ಇನ್ನೊಮ್ಮೆ ಯೋಚಿಸ್ರಿ. ತಲೆತಲಾಂತರ ಯಾರ ಬಸುರಿಗೆ ಅರ್ಧ ಹೊಟ್ಟೆ ಊಟ? ಹೆರುವ ದಿನದ ತನಕ ಯಾರು ಪರರ ಹೊಲದಲ್ಲಿ ಕಳೆ ಕೀಳುತ್ತಿದ್ದರು? ಅಂದಿನ ಹಸಿವು ಅಂದಿಗೇ ಮುಗಿಯಲಿಲ್ಲ. ಆದ್ದರಿಂದ ನಮ್ಮ ಓಣಿಯಲ್ಲಿ ಹೊಟ್ಟೆ ಬಂದವನನ್ನು "ತಿಂದು ಕೊಬ್ಬ್ಯಾನ" ಅಂತ ಅಪಹಾಸ್ಯ ಮಾಡಬಾರದು. ಹಾಗೇ, "ನಮ್ಮ ಹಣೇಬರಹ" ಅಂತ ಕೈಕಟ್ಟಿ ಕೂಡಲೂಬಾರದು. ಹಣೆಬರಹ ನಂಬದಿರಲು ನಮಗೆ ಕಲಿಸಿದವರು ಯಾರು ಅಂತ ನಿಮಗೆ ಗೊತ್ತು.

ಈಗ ಟೇಪು ಕೈಗೆ ತಗೋರಿ. ಅಂಗಿ ಮೇಲೆ ಅಳೆಯಬೇಡ್ರಿ, ಪ್ಯಾಂಟಿನ ನಂಬರನ್ನೂ ಹೇಳಬೇಡ್ರಿ, ಪ್ಯಾಂಟು ಹೊಟ್ಟೆಯ ಕೆಳಗೆ ಜಾರಿರುತ್ತದೆ. ಪಕ್ಕದಲ್ಲಿ ಕೊನೆಯ ಪಕ್ಕೆಲುಬು ಕೈಗೆ ಹತ್ತುತ್ತದೆ. ಕೆಳಗೆ ಸೊಂಟದ ಎಲುಬಿನ ಮೇಲಂಚು ಹತ್ತುತ್ತದೆ. ಎರಡರ ನಡುಮಧ್ಯಕ್ಕೆ ಟೇಪು ಸುತ್ತಬೇಕು. ನೆಲಕ್ಕೆ ಸಮನಾಗಿರಲಿ, ಬಿಗಿ ಬೇಡ. ಸಹಜವಾಗಿ ಉಸಿರು ಬಿಟ್ಟ ಮೇಲೆ ನೋಡಬೇಕು. ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್, ಅಂದರೆ ಸುಮಾರು ಮೂವತ್ತೈದೂವರೆ ಇಂಚು. ಹೆಣ್ಣುಮಕ್ಕಳಿಗೆ 80 ಸೆಂಟಿಮೀಟರ್, ಸುಮಾರು ಮೂವತ್ತೊಂದೂವರೆ ಇಂಚು. ಆ ಗೆರೆ ಮುಟ್ಟಿದರೆ ಎಚ್ಚರಾಗಬೇಕು. ನಂಬರು ನೆನಪಿರದವರಿಗೆ ಇನ್ನೂ ಸುಲಭ: ನಿಮ್ಮ ಎತ್ತರದಷ್ಟು ಒಂದು ದಾರ ಕತ್ತರಿಸಿ, ಅದನ್ನು ನಡುಮಡಚಿ ಹೊಟ್ಟೆಗೆ ಸುತ್ತ್ರಿ. ಎರಡು ತುದಿ ಕೂಡಿದರೆ ಸರಿ. ಕೂಡದಿದ್ದರೆ ಹೊಟ್ಟೆ ಹೆಚ್ಚಾಗಿದೆ.

ಗೆರೆ ದಾಟಿದವರೆಲ್ಲ ರೋಗಿಗಳಲ್ಲ. ಆದರೆ ತಪಾಸಣೆ ಆಗಲೇಬೇಕು. 30 ವರ್ಷ ದಾಟಿದ ಪ್ರತಿಯೊಬ್ಬರ ಸಕ್ಕರೆ ಮತ್ತು ಬಿ.ಪಿ. ನೋಡುವುದು ಸರ್ಕಾರಿ ಉಪಕೇಂದ್ರದ ಕೆಲಸ, ಪುಕ್ಕಟೆ. ಆಶಾ ತಾಯಿ ಮನೆಗೆ ತರುವ ಫಾರ್ಮಿನಲ್ಲಿ ಸೊಂಟದ ಅಳತೆಗೂ ಒಂದು ಸಾಲಿದೆ. ಅವಳು ಬಂದಾಗ "ಏ, ನಾವೇನು ಬ್ಯಾನಿ ಬಂದವರೇನು" ಅಂತ ಬಾಗಿಲು ಹಾಕಬೇಡ್ರಿ. ಬರಿಹೊಟ್ಟೆಯಲ್ಲಿ ರಕ್ತದ ಸಕ್ಕರೆ 100ರ ಒಳಗಿದ್ದರೆ ಸರಿ. 100ರಿಂದ 125 ಹೊಸ್ತಿಲು. 126 ಅಥವಾ ಹೆಚ್ಚು ಬಂದರೆ ಮತ್ತೊಮ್ಮೆ ನೋಡಿ ಸಕ್ಕರೆ ಕಾಯಿಲೆ ಅಂತ ನಿಶ್ಚಯ ಮಾಡುತ್ತಾರೆ. ಬಿ.ಪಿ. ಬೇರೆ ಬೇರೆ ದಿನ ನೋಡಿದಾಗಲೂ 140/90 ಮುಟ್ಟುತ್ತಿದ್ದರೆ ಔಷಧದ ಮಾತು ಡಾಕ್ಟರರ ಹತ್ತಿರ ಆಡಬೇಕು. ಈ ಕಾಯಿಲೆಗಳು ಮೊದಲು ನೋಯಿಸುವುದಿಲ್ಲ. ನನ್ನ ಅಣ್ಣನಿಗೂ ಎಂದೂ ಏನೂ ನೋಯಲಿಲ್ಲ.

ಇಲ್ಲೊಂದು ಎಚ್ಚರಿಕೆ. ಎಲ್ಲ ಹೊಟ್ಟೆಯೂ ಬೊಜ್ಜಲ್ಲ. ಬಹಳ ಕುಡಿಯುವವನ ಕೈಕಾಲು ಸೊರಗಿ ಹೊಟ್ಟೆ ಮಾತ್ರ ಉಬ್ಬಿದರೆ, ಕಣ್ಣು ಹಳದಿಯಾದರೆ, ಅದು ಲಿವರ್ ಕೆಟ್ಟು ಹೊಟ್ಟೆಯಲ್ಲಿ ನೀರು ತುಂಬಿದ್ದಿರಬಹುದು. ಹೆಣ್ಣುಮಕ್ಕಳಿಗೆ ಕೆಲ ವಾರಗಳಲ್ಲೇ ಹೊಟ್ಟೆ ಬೆಳೆದು ಭಾರ ಅನಿಸಿದರೆ ಗಡ್ಡೆ ಇರಬಹುದು. ಇಂಥವನ್ನು ವ್ಯಾಯಾಮದಿಂದ ಕರಗಿಸಲು ಹೋಗಬೇಡ್ರಿ, ಅವತ್ತೇ ದವಾಖಾನೆಗೆ ಹೋಗ್ರಿ.

ಇನ್ನು ಇಳಿಸುವುದು ಹೇಗೆ ಅನ್ನುವ ಮಾತಿಗೆ ಬರೋಣ.

ಮೊದಲು ಚಹಾ. ನಮ್ಮದು ಸಕ್ಕರೆ ಕಾರಖಾನೆಗಳ ಜಿಲ್ಲೆ, ಚಹಾದಲ್ಲಿ ಕೈ ಬಿಗಿ ಹಿಡಿಯುವುದು ನಮಗೆ ಗೊತ್ತಿಲ್ಲ. ಕಟ್ಟೆಯ ಮೇಲೆ ಕುಳಿತವನಿಗೆ ದಿನಕ್ಕೆ ಆರು ಕಪ್ಪು ಚಹಾ ಹೆಚ್ಚೇನಲ್ಲ. ಕಪ್ಪಿಗೆ ಎರಡು ಚಮಚೆ ಸಕ್ಕರೆ ಅಂದರೂ ದಿನಕ್ಕೆ 60 ಗ್ರಾಂ ಆಯಿತು. ತಿಂಗಳಿಗೆ 1.8 ಕಿಲೋ, ವರ್ಷಕ್ಕೆ ಸುಮಾರು 22 ಕಿಲೋ. ಒಬ್ಬನೇ ಮನುಷ್ಯ, ಚಹಾದಲ್ಲೇ! ದಿನಕ್ಕೆ ಎರಡು ಕಪ್ಪು, ಕಪ್ಪಿಗೆ ಅರ್ಧ ಚಮಚೆಗೆ ಬರ್‍ರಿ. ಮೊದಲ ಹದಿನೈದು ದಿನ ನಾಲಗೆ ಗೊಣಗುತ್ತದೆ, ಆಮೇಲೆ ಹಳೆಯ ಚಹಾ ಕುಡಿದರೆ ಪಾಕ ಅನಿಸುತ್ತದೆ. ಥಂಡಾ ಬಾಟ್ಲಿಯ ಮಾತೂ ಅಷ್ಟೇ. 300 ಮಿಲಿಯ ಒಂದು ಕೋಲಾದಲ್ಲಿ ಸುಮಾರು 30 ಗ್ರಾಂ ಸಕ್ಕರೆ ಇರುತ್ತದೆ. ಬಾಯಾರಿದಾಗ ನೀರು ಕುಡಿಯಿರಿ, ಇಲ್ಲವೇ ಮಜ್ಜಿಗೆ.

ಎರಡನೆಯದು ಎಣ್ಣೆ. ವಡಾಪಾವ್, ಭಜಿ, ಸ್ಟ್ಯಾಂಡಿನ ಮಿಸಳ ಇವು ಹಬ್ಬದ ತಿನಿಸಾಗಲಿ, ದಿನದ ಊಟವಾಗುವುದು ಬೇಡ. ಮನೆಯಲ್ಲಿ ಒಬ್ಬರಿಗೆ ದಿನಕ್ಕೆ 20 ಗ್ರಾಂ ಎಣ್ಣೆ ಸಾಕು. ಐದು ಮಂದಿಯ ಮನೆಗೆ ತಿಂಗಳಿಗೆ 3 ಕಿಲೋ. ನಿಮ್ಮ ಮನೆಗೆ ಎಷ್ಟು ಬರತದ, ಇವತ್ತು ಲೆಕ್ಕ ಹಾಕ್ರಿ.

ಮೂರನೆಯದು ತಾಟು. ನಮ್ಮ ಅಜ್ಜಿಯರ ತಾಟಿನಲ್ಲಿ ಮಾಲದಂಡಿ ಜೋಳದ ರೊಟ್ಟಿ, ಪುಂಡಿಪಲ್ಯ, ಮಡಕಿಕಾಳು, ಶೇಂಗಾ ಹಿಂಡಿ, ಉಳ್ಳಾಗಡ್ಡಿ ಇತ್ತು. ಇವತ್ತು ರೇಶನ್ನಿನ ಅಕ್ಕಿ, ಗೋಧಿ ಬಂದು ಜೋಳ ತುಟ್ಟಿಯಾಯಿತು. ರೇಶನ್ ನಮ್ಮ ಹಕ್ಕು, ಅದನ್ನು ಬಿಡಬೇಕು ಅಂತ ನಾನು ಹೇಳುವುದಿಲ್ಲ. ಆದರೆ ತಾಟಿನ ತುಂಬ ಅನ್ನ, ಅದರ ಮೇಲೆ ತಿಳಿಸಾರು, ಬದಿಗೊಂದು ಉಪ್ಪಿನಕಾಯಿ ಅಂದರೆ ಅದು ಊಟ ಅಲ್ಲ. ಅರ್ಧ ತಾಟು ಸೊಪ್ಪು, ಕಾಯಿಪಲ್ಯ. ಕಾಲು ಭಾಗ ಕಾಳು, ಬೇಳೆ, ತತ್ತಿ ಅಥವಾ ಮಾಂಸ. ಉಳಿದ ಕಾಲು ಭಾಗ ರೊಟ್ಟಿ ಅಥವಾ ಅನ್ನ. ಜೋಳದ ರೊಟ್ಟಿಯಾದರೂ ಲೆಕ್ಕ ಇರಬೇಕು. ಜೋಳ ಒಳ್ಳೆಯದು ಅಂತ ಆರು ರೊಟ್ಟಿ ಹೊಡೆದರೆ ಹೊಟ್ಟೆ ಕೇಳುವುದಿಲ್ಲ.

ಮಾಂಸದ ಮಾತು ಬಂದದ್ದಕ್ಕೆ ಹೇಳುತ್ತೇನೆ. "ಮಾಂಸಾಹಾರ ಬಿಟ್ಟರೇ ಹೊಟ್ಟೆ ಕರಗತದ" ಅಂತ ಉಪದೇಶ ಮಾಡುವವರಿದ್ದಾರೆ. ಅದು ಆರೋಗ್ಯದ ಮಾತಲ್ಲ. ತುಪ್ಪ, ಪೂರಿ, ಜಿಲೇಬಿಯಿಂದ ಬಂದ ಶಾಕಾಹಾರಿ ಹೊಟ್ಟೆಗಳನ್ನು ನಾನು ಟೇಪು ಹಿಡಿದು ಅಳೆದಿದ್ದೇನೆ. ಮಾಂಸ, ಮೀನು, ತತ್ತಿಯಲ್ಲಿ ಸ್ನಾಯು ಕಟ್ಟುವ ಪ್ರೋಟೀನ್ ಇದೆ, ಬೇಗ ಹಸಿವಾಗದ ಹಾಗೆ ನೋಡಿಕೊಳ್ಳುತ್ತದೆ. ಚರಬಿ ತೆಗೆದು, ಎಣ್ಣೆ ಕಡಿಮೆ ಹಾಕಿ, ಸಾರು ಮಾಡಿ ಉಣ್ಣ್ರಿ. ನಮ್ಮ ಊಟಕ್ಕೆ ನಾಚಬೇಕಾದ ಕಾರಣ ಏನೂ ಇಲ್ಲ. ಎಣ್ಣೆಗೆ ಮತ್ತು ಅಳತೆಗೆ ಮಾತ್ರ ಲಕ್ಷ್ಯ ಕೊಡ್ರಿ.

ಅಳತೆಯ ಬಗ್ಗೆ ತಥಾಗತರ ಒಂದು ಪ್ರಸಂಗ ಇದೆ. ಸಂಯುತ್ತ ನಿಕಾಯದ ದೋಣಪಾಕ ಸುತ್ತದಲ್ಲಿ ಬರುತ್ತದೆ. ಕೋಸಲದ ರಾಜ ಪಸೇನದಿಗೆ ಕೊಳಗದ ಲೆಕ್ಕದಲ್ಲಿ ಅನ್ನ ಉಣ್ಣುವ ಚಟ. ಒಂದು ದಿನ ಉಂಡು, ಏದುಸಿರು ಬಿಡುತ್ತ ಬುದ್ಧರ ಬಳಿ ಬಂದು ಕುಳಿತ. ಬುದ್ಧರು ಬೈಯಲಿಲ್ಲ, ಉಪವಾಸ ಮಾಡು ಅನ್ನಲಿಲ್ಲ. ಎಚ್ಚರದಿಂದ ಅಳತೆ ಅರಿತು ಉಣ್ಣುವವನಿಗೆ ಆಗುವ ಒಳಿತನ್ನು ಒಂದು ಗಾಥೆಯಲ್ಲಿ ಹೇಳಿದರು. ರಾಜ ಜೊತೆಗಿದ್ದ ಸುದಸ್ಸನ ಎಂಬ ತರುಣನಿಗೆ ಆ ಗಾಥೆ ಕಲಿಯಲು ಹೇಳಿ, ತಾನು ಉಣ್ಣುವಾಗಲೆಲ್ಲ ಅದನ್ನು ಹೇಳುವುದಕ್ಕೆ ದಿನಕ್ಕೆ ನೂರು ನಾಣ್ಯ ಗೊತ್ತುಮಾಡಿದ. ಕ್ರಮೇಣ ಅವನ ಊಟ ಒಂದು ಸಣ್ಣ ಅಳತೆಗೆ ಇಳಿಯಿತು. ಮೈ ಹಗುರಾಯಿತು. ಇದರಲ್ಲಿ ನನಗೆ ಮೆಚ್ಚಿಗೆಯಾದದ್ದು ಎರಡು. ಒಂದು, ಅವನು ಒಮ್ಮೆಲೇ ಬಿಡಲಿಲ್ಲ, ಸ್ವಲ್ಪ ಸ್ವಲ್ಪ ಇಳಿಸಿದ. ಎರಡು, ಒಬ್ಬನೇ ಮಾಡಲಿಲ್ಲ, ನೆನಪು ಮಾಡಲು ಇನ್ನೊಬ್ಬನನ್ನು ಜೊತೆಗಿಟ್ಟುಕೊಂಡ. ಮನೆಯಲ್ಲಿ ನಿಮ್ಮ ಮಗಳಿಗೇ ಆ ಕೆಲಸ ಕೊಡ್ರಿ. ನೂರು ನಾಣ್ಯ ಬೇಡ, ಅವಳ ಮಾತು ಕೇಳಿದರೆ ಸಾಕು.

ನಾಲ್ಕನೆಯದು ಕುಡಿತ. ಒಂದು ಕ್ವಾರ್ಟರ್, ಅಂದರೆ 180 ಮಿಲಿ ದಾರೂ, ಸುಮಾರು 400 ಕ್ಯಾಲರಿ. ಮೂರು ರೊಟ್ಟಿಗೆ ಸಮ. ಜೊತೆಗೆ ಕರಿದ ಶೇಂಗಾ, ಚಿಕನ್ ಫ್ರೈ ಲೆಕ್ಕ ಬೇರೆ. ಲಿವರಿನಲ್ಲಿ ಕೊಬ್ಬು ಕೂಡಲು ದಾರೂಕ್ಕಿಂತ ಹತ್ತಿರದ ದಾರಿ ಇಲ್ಲ. ಕುಡಿದು ಮನೆ ಮುರಿದದ್ದನ್ನು ನಾನು ಹೇಳಬೇಕಾಗಿಲ್ಲ, ತಾಯಂದಿರು ಇಲ್ಲೇ ಕುಳಿತಿದ್ದಾರೆ. ಬೀಡಿ, ಮಾವಾ, ಗುಟಖಾ ಹಸಿವು ಕೊಲ್ಲುತ್ತವೆ, ಹೊಟ್ಟೆ ಇಳಿಯುತ್ತದೆ ಅನ್ನುವುದು ಸುಳ್ಳು. ಬೀಡಿ, ಸಿಗರೇಟು ಸೇದುವವರಲ್ಲಿ ಕೊಬ್ಬು ಹೊಟ್ಟೆಗೇ ಹೆಚ್ಚು ಸೇರುತ್ತದೆ.

ಐದನೆಯದು ನಡಿಗೆ. ಅಪ್ಪಂದಿರು ಕೊಡಲಿ, ಸನಿಕೆ ಹಿಡಿದು ಉಂಡದ್ದನ್ನು ಸುಟ್ಟರು. ನಾವು ನಾಲ್ಕು ಹೆಜ್ಜೆಯ ಕಿರಾಣಿ ಅಂಗಡಿಗೂ ಗಾಡಿಗೆ ಕಿಕ್ ಹೊಡೆಯುತ್ತೇವೆ. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾಗಿ ನಡೆಯಬೇಕು. ದಿನಕ್ಕೆ ಅರ್ಧ ತಾಸು, ವಾರಕ್ಕೆ ಐದು ದಿನ. ಬಿರುಸು ಅಂದರೆ ಮಾತಾಡಲು ಬರಬೇಕು, ಹಾಡಲು ಬರಬಾರದು. ವಾರಕ್ಕೆ ಎರಡು ದಿನ ಬೈಠಕ್, ದಂಡ ಹೊಡೆಯಿರಿ. ನಮ್ಮ ಕಡೆ ತಾಲೀಮು ಹೊಸದಲ್ಲ. ಮಲಗಿ ಹೊಟ್ಟೆ ಎತ್ತುವ ಕಸರತ್ತು ಒಂದನ್ನೇ ನೂರು ಸಲ ಮಾಡಿದರೆ ಹೊಟ್ಟೆಯ ಸ್ನಾಯು ಗಟ್ಟಿಯಾಗುತ್ತದೆ, ಅದರ ಮೇಲಿನ ಬೊಜ್ಜು ಅಲ್ಲೇ ಇರುತ್ತದೆ. ಒಂದೇ ಜಾಗದ ಬೊಜ್ಜು ಆರಿಸಿ ಕರಗಿಸಲು ಬರುವುದಿಲ್ಲ, ಇಡೀ ಮೈ ದುಡಿಯಬೇಕು. ಆದರೆ ಒಂದು ಸಮಾಧಾನ ಇದೆ: ಹೆಚ್ಚು ಅಪಾಯದ ಒಳಬೊಜ್ಜೇ ನಡಿಗೆಗೆ ಮೊದಲು ಸೋಲುತ್ತದೆ. ಎದೆನೋವು, ಏದುಸಿರು ಮೊದಲೇ ಇದ್ದವರು ಡಾಕ್ಟರರನ್ನು ಕೇಳಿ ಶುರುಮಾಡಬೇಕು.

ಎಷ್ಟು ಇಳಿಸಬೇಕು? ಸಿನಿಮಾ ನಟನ ಹೊಟ್ಟೆ ನಮಗೆ ಬೇಡ. 2002ರಲ್ಲಿ ಅಮೆರಿಕದ ಒಂದು ದೊಡ್ಡ ಅಧ್ಯಯನ ಹೊರಬಂತು. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದವರಿಗೆ ನೂರಕ್ಕೆ 7ರಷ್ಟು ತೂಕ ಇಳಿಸುವುದು, ವಾರಕ್ಕೆ 150 ನಿಮಿಷ ನಡೆಯುವುದು ಇಷ್ಟೇ ಗುರಿ ಕೊಟ್ಟಿದ್ದರು. ಕಾಯಿಲೆ ಬರುವ ಸಂಭವ ನೂರಕ್ಕೆ 58ರಷ್ಟು ಕಡಿಮೆಯಾಯಿತು. ಚೆನ್ನೈಯಲ್ಲಿ ನಮ್ಮವರ ಮೇಲೆ ನಡೆದ ಅಧ್ಯಯನದಲ್ಲೂ ಊಟ, ನಡಿಗೆ ಬದಲಿಸಿದವರಿಗೆ ಲಾಭ ಕಂಡಿತು. 80 ಕಿಲೋ ಇದ್ದವರು ಐದಾರು ಕಿಲೋ ಇಳಿದರೆ ಸಾಕು. ವಾರಕ್ಕೆ ಅರ್ಧ ಕಿಲೋ ಅಂದರೂ ಮೂರು ತಿಂಗಳ ಕೆಲಸ.

ಹೆಣ್ಣುಮಕ್ಕಳಿಗೆ ಬೇರೆಯಾಗಿಯೇ ಹೇಳಬೇಕು. ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಉಳಿದ ಅನ್ನ, ಅದರ ಮೇಲೆ ಚಹಾ-ಪಾವ್, ಇದು ನಮ್ಮ ತಾಯಂದಿರ ಊಟ. ಹಾಗಾಗಿ ರಕ್ತ ಕಡಿಮೆ, ಹೊಟ್ಟೆ ಮಾತ್ರ ದೊಡ್ಡದು. ಎರಡೂ ಒಂದೇ ಮೈಯಲ್ಲಿ ಇರುತ್ತವೆ. ಅವರಿಗೆ ಉಪವಾಸ ಔಷಧ ಅಲ್ಲ, ತತ್ತಿ, ಕಾಳು, ಸೊಪ್ಪು ಔಷಧ. ಬಸುರಿ, ಬಾಣಂತಿಯರು ತೂಕ ಇಳಿಸುವ ಪಥ್ಯ ಮಾಡಲೇಬಾರದು. "ಮನಿ ಕೆಲಸಾನೇ ವ್ಯಾಯಾಮ" ಅಂತ ಗಂಡಸರು ಹೇಳುತ್ತಾರೆ. ಬಗ್ಗಿ ಕಸ ಗುಡಿಸಿದ್ದು ದಣಿವು, ಅರ್ಧ ತಾಸು ಕೈಬೀಸಿ ನಡೆದದ್ದು ಬೇರೆ. ಆದರೆ ಸೊಸೆ ಒಬ್ಬಳೇ ಸಂಜೆ ರಸ್ತೆಗೆ ನಡೆಯಲು ಹೊರಟರೆ ಓಣಿಯ ಬಾಯಿ ಸುಮ್ಮನಿರುತ್ತದೇನು? ಆ ಬಾಯಿ ಮುಚ್ಚಿಸುವ ಕೆಲಸ ಸಂಘದ್ದು.

ರಾತ್ರಿ ಪಾಳಿಯ ವಾಚ್‌ಮನ್ ಕೆಲಸಕ್ಕೆ ಪುಣೆ, ಮುಂಬೈಗೆ ಹೋದ ನಮ್ಮ ಹುಡುಗರಿಗೂ ಒಂದು ಮಾತು. ನಿದ್ದೆಗೆಟ್ಟ ಮೈ ಹೆಚ್ಚು ಹಸಿವು ಬೇಡುತ್ತದೆ, ಅದೂ ಕರಿದದ್ದು, ಸಿಹಿಯನ್ನು. ಹಗಲು ಕೋಣೆ ಕತ್ತಲು ಮಾಡಿಕೊಂಡು ಏಳು ತಾಸು ಮಲಗ್ರಿ. ಡಬ್ಬಿ ಒಯ್ಯಿರಿ.

ಮಾಡಬಾರದ್ದೂ ಇದೆ. ಹದಿನೈದು ದಿನದಲ್ಲಿ ಹೊಟ್ಟೆ ಕರಗಿಸುವ ಪುಡಿ, ಬೆವರಿಳಿಸುವ ಬೆಲ್ಟು, ಕೊಬ್ಬು ತೊಳೆಯುವ ಚಹಾ ಅಂತ ಮೊಬೈಲಿನಲ್ಲಿ ಬರುವುದಕ್ಕೆ ರೊಕ್ಕ ಹಾಕಬೇಡ್ರಿ. ಬೆಲ್ಟಿನಿಂದ ಇಳಿಯುವುದು ನೀರು, ಒಂದು ತಂಬಿಗೆ ಕುಡಿದರೆ ಮತ್ತೆ ಬರುತ್ತದೆ. ಮಂಡಿನೋವಿಗೆ ಯಾರೋ ಕೊಟ್ಟ ಬಿಳಿ ಗುಳಿಗೆ ತಿಂಗಳುಗಟ್ಟಲೆ ನುಂಗಬೇಡ್ರಿ. ಅದರಲ್ಲಿ ಸ್ಟಿರಾಯ್ಡ್ ಇದ್ದರೆ ಮುಖ ದುಂಡಗಾಗಿ ಹೊಟ್ಟೆ ಬೆಳೆಯುತ್ತದೆ, ಸಕ್ಕರೆ ಏರುತ್ತದೆ. ಬಹಳ ದಿನ ನುಂಗಿದವರು ಒಮ್ಮೆಲೇ ಬಿಡುವುದೂ ಅಪಾಯ, ಡಾಕ್ಟರರಿಗೆ ತೋರಿಸ್ರಿ. ಸಕ್ಕರೆ, ಬಿ.ಪಿ. ಔಷಧ ತೆಗೆದುಕೊಳ್ಳುವವರು ನಡಿಗೆ ಶುರುಮಾಡಿದೆ ಅಂತ ತಾವೇ ಗುಳಿಗೆ ನಿಲ್ಲಿಸಬಾರದು.

ಮತ್ತು ಇದನ್ನು ಮನೆಯವರಿಗೆಲ್ಲ ಹೇಳ್ರಿ: ಎದೆ ಬಿಗಿತ, ಎಡಗೈಗೋ ದವಡೆಗೋ ಹರಿಯುವ ನೋವು, ತಣ್ಣನೆ ಬೆವರು, ಏದುಸಿರು ಬಂದರೆ ಅದು ಪಿತ್ತ ಅಂತ ಸೋಡಾ ಕುಡಿದು ಮಲಗಬೇಡ್ರಿ. ಕೂಡಲೇ 108ಕ್ಕೆ ಫೋನ್ ಮಾಡ್ರಿ. ನನ್ನ ಅಣ್ಣನ ಆ ಎರಡು ತಾಸು ನಿಮ್ಮ ಮನೆಗೆ ಬರಬಾರದು.

ಕೊನೆಗೆ ಸಂಘಕ್ಕೆ ನಾಲ್ಕು ಬೇಡಿಕೆ. ಒಂದು, ಈ ಟೇಪನ್ನು ವಾಚನಾಲಯದ ಗೋಡೆಗೆ ಮೊಳೆ ಹೊಡೆದು ತೂಗುಹಾಕ್ರಿ. ಪಕ್ಕದಲ್ಲಿ 90 ಮತ್ತು 80 ಅಂತ ದೊಡ್ಡದಾಗಿ ಬರೆಯಿರಿ. ಎರಡು, ಭೀಮ ಜಯಂತಿಯ ಮೆರವಣಿಗೆಯಲ್ಲಿ ಥಂಡಾ ಬಾಟ್ಲಿ ಹಂಚುವ ಬದಲು ಮಜ್ಜಿಗೆ ಹಂಚ್ರಿ. ಡಿಜೆ ಮುಂದೆ ಮೂರು ತಾಸು ಕುಣಿಯುವ ಕಾಲುಗಳಿಗೆ ದಿನಕ್ಕೆ ಅರ್ಧ ತಾಸು ನಡೆಯುವುದು ಭಾರವಲ್ಲ. ಮೂರು, ಸಂಜೆ ಹೆಣ್ಣುಮಕ್ಕಳ ನಡಿಗೆಗೆ ಶಾಲೆಯ ಮೈದಾನ ಕೇಳಿ ಕೊಡಿಸ್ರಿ, ದೀಪ ಹಾಕಿಸ್ರಿ. ನಾಲ್ಕು, ವರ್ಷಕ್ಕೊಮ್ಮೆ ಉಪಕೇಂದ್ರದವರನ್ನು ಇದೇ ಮಂದಿರಕ್ಕೆ ಕರೆಸಿ 30 ದಾಟಿದ ಎಲ್ಲರ ತಪಾಸಣೆ ಮಾಡಿಸ್ರಿ.

ಬಾಬಾಸಾಹೇಬರಿಗೂ ಸಕ್ಕರೆ ಕಾಯಿಲೆ ಇತ್ತು. ಸಂವಿಧಾನದ ಕೆಲಸ ನಡೆದ ವರ್ಷಗಳಲ್ಲೂ ಕಾಲುನೋವು, ನಿದ್ದೆಗೇಡಿನಿಂದ ಅವರು ನರಳಿದರು. 1948ರಲ್ಲಿ ಅವರ ಬಾಳಿಗೆ ಬಂದ ಮಾಯಿಸಾಹೇಬರು ಸ್ವತಃ ಡಾಕ್ಟರ್, ಅವರ ಔಷಧ, ಪಥ್ಯ ನೋಡಿಕೊಂಡರು. ಆದರೂ 1956ರ ಡಿಸೆಂಬರ್ 6ರಂದು, 65ನೆಯ ವಯಸ್ಸಿಗೇ ಬಾಬಾಸಾಹೇಬರು ಹೋದರು. ಧಮ್ಮ ದೀಕ್ಷೆ ಕೊಟ್ಟು ಎರಡು ತಿಂಗಳೂ ಆಗಿರಲಿಲ್ಲ. ಬುದ್ಧ ಮತ್ತು ಧಮ್ಮದ ಮೇಲೆ ಅವರು ಬರೆದ ಗ್ರಂಥ ಅಚ್ಚಾಗಿ ಬಂದದ್ದು 1957ರಲ್ಲಿ, ಅದನ್ನು ಅವರು ಕೈಯಲ್ಲಿ ಹಿಡಿಯಲಿಲ್ಲ. ಇನ್ನು ಹತ್ತು ವರ್ಷ ಇದ್ದಿದ್ದರೆ ಅಂತ ನಮ್ಮಲ್ಲಿ ಮರುಗದ ಮನೆ ಇಲ್ಲ. ಅವರಿಗೆ ಪುರಸೊತ್ತಿರಲಿಲ್ಲ, ನಮಗಾಗಿ ಮೈ ಸವೆಸಿದರು. ಅವರು ಗಳಿಸಿಕೊಟ್ಟ ಅನ್ನವನ್ನು, ಓದನ್ನು, ನೌಕರಿಯನ್ನು ಉಣ್ಣುತ್ತಿರುವ ನಮಗೆ ದಿನಕ್ಕೆ ಅರ್ಧ ತಾಸು ಪುರಸೊತ್ತಿಲ್ಲ ಅಂದರೆ ಹೇಗೆ?

ಮನೆಯಲ್ಲಿ ಮೊದಲು ಓದಿದವನು, ಮೊದಲು ನೌಕರಿ ಹಿಡಿದವನು ನಲವತ್ನಾಲ್ಕಕ್ಕೆ ಹೋದರೆ ಒಬ್ಬ ಹೋದ ಹಾಗಲ್ಲ, ಮನೆತನ ಮತ್ತೆ ಇಪ್ಪತ್ತು ವರ್ಷ ಹಿಂದಕ್ಕೆ ಬೀಳುತ್ತದೆ. ನಮ್ಮ ಮನೆ ಬಿದ್ದದ್ದನ್ನು ನಾನು ಕಂಡಿದ್ದೇನೆ. ನಮ್ಮ ಓಣಿಯಲ್ಲಿ ಎಲ್ಲರ ಹೊಟ್ಟೆಯೂ ತುಂಬಲಿ. ಯಾರ ಹೊಟ್ಟೆಯೂ ಅವರ ಆಯುಷ್ಯ ತಿನ್ನದಿರಲಿ.

ಓದಿ ಮುಗಿಸಿದವರು ಒಂದು ದಾರ ಹುಡುಕ್ರಿ, ಈಗಲೇ.

ಜೈ ಭೀಮ್. ನಮೋ ಬುದ್ಧಾಯ.